ವಾಷರ್ ಹಾಕುವ ಕೈಗೂ ಕೂಲಿ ಬೇಕು

ಅಹಮದಾಬಾದಿನ ನಮ್ಮ ಸೊಸೈಟಿಯ ಪಾರ್ಕಿಂಗ್ ಗೋಡೆಯ ನಲ್ಲಿ ಬೇಸಿಗೆ ಬಂತೆಂದರೆ ಸೋರತೊಡಗುತ್ತದೆ. ಪ್ಲಂಬರ್ ಹೇಳುವುದು ಒಂದೇ ಮಾತು: ‘ಬೆನ್, ನಳ್ ಜ ಬದಲೀ ನಾಖೋ.’ ಅಕ್ಕಾ, ನಲ್ಲಿಯನ್ನೇ ಬದಲಿಸಿಬಿಡಿ. ಯಜಮಾನರ ನೌಕರಿಯ ದೆಸೆಯಿಂದ ವಡೋದರಾ, ಸೂರತ್‌ಗಳಲ್ಲೂ ಸಂಸಾರ ಮಾಡಿದವಳು ನಾನು. ಅಲ್ಲೂ ಕೇಳಿದ್ದು ಇದನ್ನೇ.

ತಿರುಗಿಸಿ ಮುಚ್ಚುವ ಹಿತ್ತಾಳೆ ನಲ್ಲಿಯ ಬಾಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ಕೆಟ್ಟಿರುವುದು ಒಳಗಿನ ರಬ್ಬರ್ ವಾಷರ್. 2016ರ ಮೇ ತಿಂಗಳಲ್ಲಿ 48 ಡಿಗ್ರಿ ಕಂಡ ಊರಿದು. ಇಂಥ ಬಿಸಿಲಿಗೆ ರಬ್ಬರ್ ಗಟ್ಟಿಯಾಗುತ್ತದೆ. ಬೋರಿನ ನೀರಾದರೆ ಅದರಡಿ ಸುಣ್ಣ ಕಟ್ಟುತ್ತದೆ. ಹನಿ ನಿಲ್ಲಲಿ ಎಂದು ಬಿಗಿ ಮಾಡಿದಷ್ಟೂ ಸವೆಯುತ್ತದೆ. ವಾಲ್ವ್ ಮುಚ್ಚಿ, ನಲ್ಲಿಯ ತಲೆ ಬಿಚ್ಚಿ, ಕೆಲವೇ ರೂಪಾಯಿಯ ವಾಷರ್ ಕೂರಿಸಿದರೆ ಸಾಕು. ಹಿಡಿಯ ಬುಡದಲ್ಲಿ ಜಿನುಗುತ್ತಿದ್ದರೆ ದಾರ ಸುತ್ತಬೇಕು. ವಾಷರ್ ಕೂರುವ ಜಾಗವೇ ಗುಳಿಬಿದ್ದಿದ್ದರೆ, ಮೈ ಬಿರಿದಿದ್ದರೆ ಮಾತ್ರ ಹೊಸ ನಲ್ಲಿ.

ಇಷ್ಟು ಪ್ಲಂಬರ್‌ಗೆ ಗೊತ್ತಿಲ್ಲವೇ? ಗೊತ್ತು. ಹೊಸ ನಲ್ಲಿಗೆ ಮರುಮಾತಿಲ್ಲದೆ ದುಡ್ಡು ಎಣಿಸುವ ನಾವು, ವಾಷರ್ ಹಾಕಿ ನೂರು ರೂಪಾಯಿ ಕೇಳಿದರೆ ‘ಇಷ್ಟಕ್ಕೆ ಅಷ್ಟೊಂದಾ?’ ಎನ್ನುತ್ತೇವೆ. ವಸ್ತುವಿಗೆ ಬೆಲೆ ಕಟ್ಟುತ್ತೇವೆ, ಕೈಗೆ ಕಟ್ಟುವುದಿಲ್ಲ. ಅವನು ಬರುವುದನ್ನೇ ಬಿಡುತ್ತಾನೆ. ಸೊಸೈಟಿ ಸಭೆ ಹೊಸ ನಲ್ಲಿಗೆ ಒಪ್ಪುವವರೆಗೆ ನೀರು ಹರಿಯುತ್ತಲೇ ಇರುತ್ತದೆ.

ಎಷ್ಟು ಹರಿಯುತ್ತದೆ? ನಿಮಿಷಕ್ಕೆ 100 ಮಿಲಿಲೀಟರ್ ಸೋರಿದರೂ ದಿನಕ್ಕೆ 144 ಲೀಟರ್. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ಅಂದರೆ ನಮ್ಮ ಗೋಡೆ ಒಬ್ಬರ ಪಾಲನ್ನು ಕುಡಿದು ಇನ್ನೂ ಬೇಕೆನ್ನುತ್ತದೆ. ಸೂರತ್‌ಗೆ ಮನೆಯಂಗಳದ ತಾಪಿಯಿದೆ. ವಡೋದರಾ ಇಂದಿಗೂ ಸಯಾಜಿರಾವ್ ಗಾಯಕ್‌ವಾಡ್ ಕಟ್ಟಿಸಿದ ಆಜ್ವಾ ಸರೋವರದ ನೀರನ್ನು ಬಳಸುತ್ತಿದೆ. ಅಹಮದಾಬಾದಿಗೋ ಸರ್ದಾರ್ ಸರೋವರದಿಂದ ಕಾಲುವೆ ಹಿಡಿದು ನರ್ಮದೆ ಬರಬೇಕು. ಮತ್ತೆ ಕರೆಂಟು ಸುಟ್ಟು ಅದನ್ನು ಮೇಲಿನ ಟ್ಯಾಂಕಿಗೆ ಏರಿಸಬೇಕು.

ಕುಡಿಯುವ ನೀರು ಪೋಲು ಮಾಡಬಾರದೆಂದು 2020ರ ಅಕ್ಟೋಬರಿನಲ್ಲಿ ಕೇಂದ್ರ ಅಂತರ್ಜಲ ಪ್ರಾಧಿಕಾರ ಆದೇಶ ಹೊರಡಿಸಿತು. ಆದೇಶಕ್ಕೆ ಪಾನಾ ಹಿಡಿಯಲು ಬರುವುದಿಲ್ಲ. ಹೋಳಿಗೆ ಮುಂಚೆ ಒಮ್ಮೆ, ದೀಪಾವಳಿಗೆ ಮುಂಚೆ ಒಮ್ಮೆ ಹೊರಗಿನ ನಲ್ಲಿಗಳನ್ನೆಲ್ಲ ಬಿಚ್ಚಿ ನೋಡಲು ಪ್ರತಿ ಸೊಸೈಟಿಯೂ ಪ್ಲಂಬರ್‌ಗೆ ಇಂತಿಷ್ಟು ಕೂಲಿ ಗೊತ್ತುಮಾಡಲಿ. ನಲ್ಲಿ ಬದಲಿಸಿದರೂ ಅಷ್ಟೇ, ವಾಷರ್ ಹಾಕಿದರೂ ಅಷ್ಟೇ. ರಿಪೇರಿ ಅವನಿಗೆ ಗಿಟ್ಟುವಂತಾದರೆ, ‘ಬದಲೀ ನಾಖೋ’ ಎನ್ನುವ ಅಗತ್ಯ ಅವನಿಗೂ ಇರುವುದಿಲ್ಲ.