ಬಿರುಸಿನ ಕಾರಿಗೆ ಯಾವ ಉಸಿರು ಮೇಲು?

ಮನೆಗೊಂದು ಕಾರು ಬೇಕೆಂಬ ಮಾತು ಹಳೆಯದಾಯಿತು. ಈಗ ಮನೆಯ ಹುಡುಗನಿಗೆ ತನ್ನದೇ ಒಂದು ಕಾರು ಬೇಕು. ಅದೂ ಬರಿಯ ಕಾರಲ್ಲ, ಬಿರುಸಿನ ಕಾರು. ಹೊಸದಕ್ಕೆ ಹಣ ಸಾಲದು. ಆದುದರಿಂದ ಒಬ್ಬರು ಓಡಿಸಿ ಬಿಟ್ಟದ್ದನ್ನು ಹುಡುಕಬೇಕು. ಈ ಮೂರು ತಿಂಗಳಲ್ಲಿ ನಮಗೆ ಬಂದ ಕಾಗದಗಳಲ್ಲಿ ಎರಡು ಇದೇ ವಿಷಯವನ್ನು ಕುರಿತವು. ಒಂದು ನಾಶಿಕದಿಂದ, ಇನ್ನೊಂದು ಛತ್ರಪತಿ ಸಂಭಾಜಿನಗರದಿಂದ. (2023ರಲ್ಲಿ ಹೆಸರು ಬದಲಾಗುವವರೆಗೆ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದ ಊರು ಅದೇ.)

ಎರಡನೆಯ ಕಾಗದವನ್ನು ಬರೆದವರು ಒಬ್ಬ ತಂದೆ. ಮಗ ವಾಳೂಜಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವನು ನಾಲ್ಕು ವರ್ಷ ಕೂಡಿಟ್ಟ ಹಣಕ್ಕೆ ತಾಯಿ ತಮ್ಮ ಚೀಟಿಯ ಹಣವನ್ನೂ ಸೇರಿಸಿದ್ದಾರಂತೆ. ಮಗನ ಕಣ್ಣು 2012ರ ಸ್ಕೋಡಾ ಲಾರಾ ಆರ್.ಎಸ್. ಮೇಲೆ, ತಂದೆಯವರ ಮನಸ್ಸು ಅದೇ ವಯಸ್ಸಿನ ಹೋಂಡಾ ಸಿವಿಕ್ ಮೇಲೆ. ಮೊದಲನೆಯದು ಟರ್ಬೊ, ಎರಡನೆಯದು ಟರ್ಬೊ ಇಲ್ಲದ್ದು. “ಮನೆಯಲ್ಲಿ ಮಾತುಕತೆ ನಿಂತುಹೋಗುವ ಮುಂಚೆ ನೀವೊಂದು ಮಾತು ಹೇಳಿ” ಎಂದು ಕೇಳಿದ್ದಾರೆ. ತಂದೆ ಮಕ್ಕಳ ನಡುವೆ ತೀರ್ಪು ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ತಾಯಿಯ ಚೀಟಿಯ ಹಣ ಸೇರಿರುವಾಗ ಸುಮ್ಮನಿರುವುದೂ ಸರಿಯಲ್ಲ.

ಮೊದಲು ಈ ಎರಡರ ಭೇದವೇನೆಂದು ನೋಡೋಣ. ಇಂಜಿನು ಬರಿಯ ಪೆಟ್ರೋಲು ಕುಡಿದು ಓಡುವುದಿಲ್ಲ. ಒಂದು ಪಾಲು ಪೆಟ್ರೋಲು ಉರಿಯಲು ತೂಕದಲ್ಲಿ ಸುಮಾರು ಹದಿನಾಲ್ಕು ಪಾಲು ಗಾಳಿ ಬೇಕು. ಸಹಜ ಉಸಿರಿನ ಇಂಜಿನು ಈ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಇಂಜಿನಿಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಕಮ್ಮಾರನ ಕುಲುಮೆಗೆ ತಿದಿ ಹೇಗೋ ಇದಕ್ಕೆ ಟರ್ಬೊ ಹಾಗೆ. ಈ ತಿದಿಯನ್ನು ಒತ್ತಲು ಆಳು ಬೇಕಿಲ್ಲ. ಹೊರಕ್ಕೆ ಹೋಗುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದರ ಜೊತೆಗಾರ ಚಕ್ರ ಹೊಸ ಗಾಳಿಯನ್ನು ಒಳಕ್ಕೆ ದಬ್ಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು 1905ರಲ್ಲಿಯೇ ಈ ಯುಕ್ತಿಗೆ ಪೇಟೆಂಟು ಪಡೆದಿದ್ದ. ಮಾರಾಟದ ಕಾರುಗಳಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ.

ನಮ್ಮ ಈ ಸೀಮೆಗೂ ಟರ್ಬೊವಿಗೂ ನಂಟಿದೆ. ಸಂಭಾಜಿನಗರದ ಹೊರಗಿನ ಶೇಂದ್ರಾದಲ್ಲಿ 2001ರಿಂದ ಸ್ಕೋಡಾ ಕಾರುಗಳ ಜೋಡಣೆ ನಡೆಯಿತು. 2004ರಲ್ಲಿ ಬಂದ ಆಕ್ಟೇವಿಯಾ ಆರ್.ಎಸ್. 1.8 ಲೀಟರಿನ ಟರ್ಬೊ ಇಂಜಿನಿನಿಂದ 150 ಅಶ್ವಶಕ್ತಿ ಕೊಡುತ್ತಿತ್ತು. ಟರ್ಬೊ ಎಂದರೆ ಡೀಸೆಲ್ಲು ಎಂದೇ ತಿಳಿದಿದ್ದ ಕಾಲದಲ್ಲಿ ಅದು ತರುಣರ ನಿದ್ದೆ ಕೆಡಿಸಿದ ಕಾರು. ಇತ್ತ ನಾಶಿಕದವರು ರ್‍ಯಾಲಿ ಪಂದ್ಯಗಳಲ್ಲಿ ಮಿತ್ಸುಬಿಶಿ ಸೀಡಿಯಾ ಮಣ್ಣು ಹಾರಿಸಿಕೊಂಡು ಹೋದದ್ದನ್ನು ಕಂಡವರು. ಅದರದು ಎರಡು ಲೀಟರಿನ ಸಹಜ ಉಸಿರಿನ ಇಂಜಿನು. ದೇಶದ ರ್‍ಯಾಲಿಗಳಲ್ಲಿ ಅನೇಕ ವರ್ಷ ಮುಂಚೂಣಿಯಲ್ಲಿತ್ತು. ಆದುದರಿಂದ ಬಿರುಸೆಂಬುದು ಟರ್ಬೊವಿನ ಸ್ವಂತ ಆಸ್ತಿಯೇನೂ ಅಲ್ಲ.

ಈಗ ಕಾಗದದಲ್ಲಿರುವ ಎರಡು ಕಾರುಗಳನ್ನೇ ಅಕ್ಕಪಕ್ಕ ನಿಲ್ಲಿಸೋಣ. ಗಾತ್ರದಲ್ಲಿ ಇವು ಅವಳಿಗಳು, ಎರಡರದೂ 1.8 ಲೀಟರಿನ ಇಂಜಿನು. ಆದರೆ ಸಿವಿಕ್ ಕೊಡುವುದು 132 ಅಶ್ವಶಕ್ತಿ, ಲಾರಾ ಕೊಡುವುದು 160. ತಿರುಚುವ ಬಲದಲ್ಲಿ ಅಂತರ ಇನ್ನೂ ಹೆಚ್ಚು. ಸಿವಿಕ್‌ನಲ್ಲಿ 172 ನ್ಯೂಟನ್ ಮೀಟರು, ಅದೂ ಇಂಜಿನು ನಿಮಿಷಕ್ಕೆ 4,300 ಸುತ್ತು ತಿರುಗಿದಾಗ. ಲಾರಾದಲ್ಲಿ 250, ಸುಮಾರು 1,500 ಸುತ್ತಿನಿಂದಲೇ. ಎಂದರೆ ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕುವಾಗ ಸಿವಿಕ್‌ನವರು ಗೇರು ಇಳಿಸಿ ಇಂಜಿನನ್ನು ಕೂಗಿಸಬೇಕು; ಲಾರಾದವರು ಕಾಲು ಒತ್ತಿದರಾಯಿತು.

ನಮ್ಮ ಊರುಗಳ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಾಶಿಕವೂ ಸಂಭಾಜಿನಗರವೂ ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿವೆ. ಈ ಎತ್ತರದಲ್ಲಿ ಗಾಳಿ ನೂರಕ್ಕೆ ಐದಾರು ಪಾಲು ತೆಳು. ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ ಇನ್ನಷ್ಟು ತೆಳುವಾಗುತ್ತದೆ. ಸಹಜ ಉಸಿರಿನ ಇಂಜಿನು ಈ ನಷ್ಟವನ್ನು ಹಾಗೆಯೇ ಅನುಭವಿಸುತ್ತದೆ. ಟರ್ಬೊ ಇನ್ನಷ್ಟು ಒತ್ತಿ ಎತ್ತರದ ಕೊರತೆಯನ್ನು ತುಂಬಿಕೊಡುತ್ತದೆ. ಆದರೆ ಒತ್ತಿದ ಗಾಳಿ ತಾನೇ ಕಾಯುವುದರಿಂದ ಬಿಸಿಲು ಇದಕ್ಕೂ ಹಿತವಲ್ಲ. ಕಸಾರಾ ಘಾಟನ್ನೋ, ಸಂಭಾಜಿನಗರದಿಂದ ಚಾಳೀಸಗಾಂವಿಗೆ ಹೋಗುವಾಗ ನಮ್ಮ ನುಡಿಯ ಹೆಸರನ್ನೇ ಹೊತ್ತ ಕನ್ನಡ ಎಂಬ ಊರನ್ನು ದಾಟಿ ಸಿಗುವ ಔಟ್ರಮ್ ಘಾಟನ್ನೋ ತುಂಬಿದ ಕಾರಿನಲ್ಲಿ ಹತ್ತಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಹಾಗಾದರೆ ಮಗನೇ ಗೆದ್ದನೆ? ಸ್ವಲ್ಪ ತಾಳಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಇಷ್ಟು ಹೊತ್ತು ನಾವು ಹೇಳಿದ್ದು ಹೊಸ ಕಾರಿನ ಗುಣ. ಕೊಳ್ಳುವುದು ಹದಿಮೂರು ಹದಿನಾಲ್ಕು ವರ್ಷ ಓಡಿದ ಕಾರು.

ಟರ್ಬೊವಿನ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಮೀರಿ ಸುತ್ತಬಲ್ಲದು. ಅದರ ಒಂದು ಪಕ್ಕದಲ್ಲಿ ಕೆಂಡದಂತಹ ಹೊಗೆ, ಇನ್ನೊಂದು ಪಕ್ಕದಲ್ಲಿ ಹೊರಗಿನ ಗಾಳಿ. ನಡುವಿನ ದಂಡವನ್ನು ಕಾಪಾಡುವುದು ತೆಳುವಾದ ಎಣ್ಣೆಯ ಪದರವೊಂದೇ. ಹಿಂದಿನ ಮಾಲೀಕ ಎಣ್ಣೆ ಬದಲಿಸಲು ಜಿಪುಣತನ ಮಾಡಿದ್ದರೆ, ಅಗ್ಗದ ಎಣ್ಣೆ ಹಾಕಿದ್ದರೆ, ಘಾಟು ಹತ್ತಿ ಬಂದ ಕೂಡಲೆ ಬೀಗದ ಕೈ ತಿರುಗಿಸಿ ಇಂಜಿನು ನಿಲ್ಲಿಸುವ ಚಾಳಿಯಿದ್ದರೆ, ಎಣ್ಣೆ ಅಲ್ಲಿಯೇ ಸೀದು ಕರಿಕಾಗಿ ಕೂತಿರುತ್ತದೆ. ಹೊರಗಿನ ಹೊಳಪಿನಲ್ಲಿ ಇದು ಕಾಣದು. ಮೇಲಾಗಿ, ಲಾರಾದ ಈ ಕಾಲದ 1.8 ಇಂಜಿನಿನಲ್ಲಿ ಎಣ್ಣೆ ಕುಡಿಯುವ ದೋಷ, ಒಳಗಿನ ಸರಪಳಿಯನ್ನು ಬಿಗಿಹಿಡಿಯುವ ಭಾಗ ಸೋಲುವ ದೋಷ ಜಗತ್ತಿನಾದ್ಯಂತ ಹೆಸರಾದವು. ಸಿವಿಕ್‌ನ ಇಂಜಿನು ಇಂತಹ ಉಪಚಾರ ಬೇಡುವುದಿಲ್ಲ. ಅದರ ಕಷ್ಟವೆಲ್ಲ ಹೊಟ್ಟೆ ನೆಲಕ್ಕೆ ಹತ್ತಿರವಾದದ್ದರಿಂದ. ನಮ್ಮ ರಸ್ತೆ ಉಬ್ಬುಗಳಿಗೆ ಅದು ಉಜ್ಜಿ ನಮಸ್ಕಾರ ಮಾಡಿಯೇ ಮುಂದೆ ಹೋಗುತ್ತದೆ.

ಆದುದರಿಂದ ನೋಡತಕ್ಕ ಕ್ರಮ ಹೀಗಿರಲಿ. ಬೆಳಗಿನ ತಂಪಿನಲ್ಲಿ ಹೋಗಿ, ಮಾರುವವರು ಇಂಜಿನನ್ನು ಮೊದಲೇ ಕಾಯಿಸಿಟ್ಟಿರಬಾರದು. ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಸರಪಳಿ ಗಡಗಡ ಎಂದರೆ ಅಲ್ಲಿಂದಲೇ ಹಿಂದಿರುಗಿ. ಐದು ನಿಮಿಷ ಸುಮ್ಮನೆ ಓಡಲು ಬಿಟ್ಟು, ಆಮೇಲೆ ಒಮ್ಮೆ ವೇಗ ಕೊಟ್ಟಾಗ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದು ತಿಳಿಯಿರಿ, ಟರ್ಬೊ ಸವೆದಿರಲೂಬಹುದು. ಮೂರನೆಯ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಪೂರ್ತಿ ಒತ್ತಿ ನೋಡಿ. ಎಳೆತ ಒಂದೇ ಸಮನಾಗಿ ಏರಬೇಕು, ಸಿಳ್ಳೆಯಂತೆ ಕೂಗಬಾರದು. ಸಿವಿಕ್‌ನಲ್ಲಾದರೆ ಎರಡನೆಯ ಗೇರಿನಲ್ಲಿ ಆರು ಸಾವಿರ ಸುತ್ತಿನವರೆಗೆ ಏರಿಸಿ. ಅದರ ರುಚಿಯಿರುವುದೇ ಅಲ್ಲಿ. ಅಲ್ಲಿ ಸೋತರೆ ಇಂಜಿನು ಸವೆದಿದೆ. ಯಾವುದೇ ಆಗಲಿ, ನಾಲ್ಕೂ ಸಿಲಿಂಡರಿನ ಒತ್ತಡ ಸಮವಾಗಿದೆಯೇ ಎಂದು ನಿಮ್ಮ ಮೆಕ್ಯಾನಿಕನಿಂದ ಅಳೆಯಿಸಿ, ಮಾರುವವರ ಮೆಕ್ಯಾನಿಕನಿಂದಲ್ಲ.

ಟರ್ಬೊ ಕಾರುಗಳಲ್ಲಿ ಇನ್ನೊಂದು ಗುಟ್ಟು ಇರುವುದುಂಟು. ಇಂಜಿನಿನ ಕಂಪ್ಯೂಟರಿಗೆ ಹೊಸ ಪಾಠ ಹೇಳಿಸಿ ಶಕ್ತಿ ಹೆಚ್ಚಿಸಿರುತ್ತಾರೆ, ಮಾರುವಾಗ ಹಳೆಯ ಪಾಠವನ್ನೇ ತಿರುಗಿ ಹಾಕುತ್ತಾರೆ. ಪಾಠ ಹೋದರೂ ಪೆಟ್ಟು ಉಳಿದಿರುತ್ತದೆ. ಕೇಳಿ ತಿಳಿದುಕೊಳ್ಳಿ, ಉತ್ತರ ತಡವರಿಸಿದರೆ ಅದೂ ಒಂದು ಉತ್ತರವೇ.

ಟೈರುಗಳನ್ನು ಮರೆಯಬೇಡಿ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳು ಅದರ ಹುಟ್ಟಿದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೆಯ ವಾರ. 2025ರ ಜೂನಿನಲ್ಲಿ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ನಮ್ಮ ಹುಡುಗರಿಗೆ 120ರ ವೇಗ ಮನೆಯ ಬಾಗಿಲಿಗೇ ಬಂದಿದೆ. ಬಿಸಿ ಕಾಂಕ್ರೀಟಿನ ಮೇಲೆ ಮುದಿ ಟೈರು ಸಿಡಿದರೆ ಟರ್ಬೊವೂ ಕಾಯದು, ಸಹಜ ಉಸಿರೂ ಕಾಯದು.

ನಾಶಿಕದ ಕಾಗದದವರು ಬೆಂಗಳೂರಿನ ಬಂಧುಗಳ ಕಾರನ್ನು ತರಬಹುದೇ ಎಂದು ಕೇಳಿದ್ದಾರೆ. ತರಬಹುದು. ಕಾರಿನ ನಡತೆ ನಿಮಗೆ ತಿಳಿದಿರುವುದೇ ಅದರ ದೊಡ್ಡ ಲಾಭ. ಆದರೆ ಅಲ್ಲಿನ ಆರ್.ಟಿ.ಓ.ದಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣ ಪತ್ರ ತರಬೇಕು, ಹೆಸರು ಬದಲಾವಣೆಗೆ 29, 30ನೆಯ ನಮೂನೆ ತುಂಬಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲಿಯೇ ಇರುವ ಕಾರಾದರೆ ಮಹಾರಾಷ್ಟ್ರದ ತೆರಿಗೆ ಕಟ್ಟಿ ಎಮ್.ಎಚ್. 15ರ ಅಂಕೆ ಪಡೆಯಬೇಕು, ಸಂಭಾಜಿನಗರದಲ್ಲಾದರೆ ಎಮ್.ಎಚ್. 20. ಈ ತೆರಿಗೆಯನ್ನೂ ಕಾರಿನ ಬೆಲೆಯೊಳಗೇ ಎಣಿಸಿ. ಹದಿನೈದು ವರ್ಷ ತುಂಬಿದ ಕಾರಿಗೆ ನೋಂದಣಿಯ ನವೀಕರಣವೂ ಆಗಬೇಕು. 2012ರ ಕಾರಿಗೆ ಅದು 2027ರಲ್ಲಿ ಬರುತ್ತದೆ.

ಇನ್ನು ನಮ್ಮ ಮಾತು. ಸಹಜ ಉಸಿರಿನ ಕಾರನ್ನು ಅದರ ಸ್ಥಿತಿ ನೋಡಿ ಕೊಳ್ಳಬಹುದು. ಟರ್ಬೊ ಕಾರನ್ನು ಅದರ ಚರಿತ್ರೆ ನೋಡಿಯೇ ಕೊಳ್ಳಬೇಕು. ಮೊದಲ ದಿನದಿಂದ ಎಣ್ಣೆ ಬದಲಿಸಿದ ರಸೀತಿಗಳು ಸಾಲಾಗಿ ಸಿಕ್ಕರೆ, ಹಿಂದಿನ ಮಾಲೀಕರು ಒಬ್ಬರೇ ಆಗಿದ್ದರೆ, ಮಗ ಲಾರಾವನ್ನು ಧಾರಾಳವಾಗಿ ತರಲಿ. ಆದರೆ ಬೆಲೆಯ ಐದನೆಯ ಒಂದು ಪಾಲನ್ನು ಬೇರೆಯಾಗಿ ತೆಗೆದಿಟ್ಟು ತರಲಿ. ಕಂಪನಿ ಹೇಳಿದ ದರ್ಜೆಯ ಎಣ್ಣೆಯನ್ನು ಅವರು ಹೇಳಿದ ಅವಧಿಗಿಂತ ಮುಂಚೆಯೇ ಬದಲಿಸಲಿ. ಘಾಟು ಹತ್ತಿ ನಿಂತಾಗ ಒಂದು ನಿಮಿಷ ಇಂಜಿನು ಮೆಲ್ಲಗೆ ಓಡುತ್ತಿರಲಿ. ರಸೀತಿ ಇಲ್ಲ, ಮಾತೊಂದೇ ಇದೆ ಎಂದರೆ, ಎಷ್ಟೇ ಅಗ್ಗವಾದರೂ ಬೇಡ. ಆಗ ತಂದೆಯವರ ಸಿವಿಕ್ಕೇ ಸರಿ. ಇಪ್ಪತ್ತೆಂಟು ಅಶ್ವಶಕ್ತಿ ಕಡಿಮೆಯಾದರೂ ಅದರಲ್ಲಿ ಸಂತೋಷಕ್ಕೆ ಕೊರತೆಯಿಲ್ಲ.

ತಂದೆಯವರಲ್ಲಿ ಒಂದು ವಿಜ್ಞಾಪನೆ. ಕಾರು ನೋಡಲು ಮಗನೊಬ್ಬನನ್ನೇ ಕಳುಹಿಸಬೇಡಿ, ನೀವೂ ಹೋಗಿ. ಹುಡುಗ ಕಾರನ್ನು ನೋಡಲಿ, ನೀವು ರಸೀತಿಗಳನ್ನು ನೋಡಿ. ಕೊಂಡದ್ದು ಯಾವುದೇ ಆಗಲಿ, ಬೀಡ, ಸೊಲ್ಲಾಪುರ, ವಿಜಯಪುರಗಳ ಮೇಲಿಂದ ಹುಬ್ಬಳ್ಳಿಗೆ ಹೋಗುವ 52ನೆಯ ಹೆದ್ದಾರಿ ನಿಮ್ಮ ಊರಿನಿಂದಲೇ ಹಾಯುತ್ತದೆ. ಮೊದಲ ದೂರದ ಪಯಣ ಊರ ಕಡೆಗೇ ಆಗಲಿ. ತಾಯಿಯವರು ಮುಂದಿನ ಆಸನದಲ್ಲಿ ಕೂಡಲಿ.