ಸಾರು ಸಪ್ಪೆಯಾದರೆ ತಪ್ಪು ಸೊಸೆಯದ್ದೇ?

ಕೌಲ್ ಬಜಾರ್‌ನ ನಮ್ಮ ಮನೆಯಲ್ಲಿ ದಿನಾ ಒಂದೇ ಪಂಚಾಯ್ತಿ. ‘ಸಾರಿಗೆ ಉಪ್ಪೇ ಇಲ್ಲ’ ಅಂತ ಅಜ್ಜಿ. ‘ಹಾಕೀನಲ್ರೀ ಅತ್ತಿ’ ಅಂತ ಅಮ್ಮ. ಅದೇ ಅಜ್ಜಿ ಸಂಜೆ ಒಗ್ಗರಣೆ ಜೊತೆ ಮಿರ್ಚಿ ಕಚ್ಚಿ, ‘ರುಚಿ ಅಂದ್ರ ಇದು’ ಅಂತಾಳೆ. ಸೊಸೆ ಮೇಲಿನ ಹಟ ಅಂದುಕೊಂಡಿದ್ದೆ. ಅದು ಹಟವಲ್ಲ, ವಯಸ್ಸು.

ನಾಲಿಗೆ ಮುಖ್ಯವಾಗಿ ಗುರುತಿಸುವುದು ಐದೇ ರುಚಿ: ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ. ಇಂಗು, ಬೆಳ್ಳುಳ್ಳಿ, ಕೊತ್ತಂಬರಿಯ ಸೊಗಸನ್ನು ತಿಳಿಸುವುದು ಮೂಗು. ಅಗಿಯುವಾಗ ಘಮ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದಕ್ಕೇ. ವಯಸ್ಸಾದಂತೆ ಅನೇಕರಿಗೆ ವಾಸನೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ಎಷ್ಟೋ ಸಲ ಅದು ಅವರಿಗೇ ಗೊತ್ತಾಗುವುದಿಲ್ಲ.

ಖಾರದ ಕಥೆ ಬೇರೆ. ಅದು ರುಚಿಯಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುವುದು ಬಿಸಿ ಮತ್ತು ನೋವನ್ನು ತಿಳಿಸುವ ನರಗಳನ್ನು. ಅಲ್ಲಿರುವ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಮೂಗು ಸೋತರೂ ಮಿರ್ಚಿ ಅಜ್ಜಿಗೆ ತಟ್ಟುವುದು ಹೀಗೆ.

ಹಾಗಂತ ಸಾರಿಗೆ ಉಪ್ಪು ಸುರಿಯಬೇಕೇ? ಅಜ್ಜಿಗೆ ಬಿಪಿ ಇದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಬದಲು ಒಗ್ಗರಣೆಗೆ ಎರಡೆಸಳು ಬೆಳ್ಳುಳ್ಳಿ ಹೆಚ್ಚು ಹಾಕಿ, ಬಡಿಸುವಾಗ ನಿಂಬೆಹಣ್ಣು ಹಿಂಡಿ. ವಾಸನೆ ಒಮ್ಮೆಲೇ ಹೋದರೆ ಡಾಕ್ಟರಿಗೆ ತೋರಿಸಿ.

ಕಣ್ಣು ಮಂಜಾದರೆ ಪೇಪರಿನವರನ್ನು ಬೈಯುವುದಿಲ್ಲ, ಕನ್ನಡಕ ಹಾಕಿಸುತ್ತೇವೆ. ಮೂಗು ದಣಿದರೆ ಮಾತ್ರ ಒಲೆ ಮುಂದೆ ನಿಂತವಳನ್ನು ಬೈಯುವುದು ಯಾವ ನ್ಯಾಯ?