ಕಾರ್ಖಾನೆ ಬಂತು, ಭಾಷೆ ಬರಲಿಲ್ಲ: ಚೀನೀ, ಕೊರಿಯನ್ ಓದಲು ಹೊರಟವರ ಕತೆ

ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಪಕ್ಕದ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಎರಡನೇ ಪಿಯುಸಿ, ಆರ್ಟ್ಸ್. "ಅಣ್ಣ, ಕೊರಿಯನ್ ಭಾಷೇಲೇ ಬಿಎ ಮಾಡ್ಬೋದಂತಲ್ಲ, ನಿಜ್ವಾ?" ಅಂತ ಕೇಳಿದಳು. ಫೋನಿನಲ್ಲಿ ಡ್ರಾಮಾ ನೋಡಿ ನೋಡಿಯೇ ಅಕ್ಷರ ಕಲಿತಿದ್ದಾಳೆ. ನನ್ನ ಹೆಸರನ್ನೂ ಆ ಲಿಪಿಯಲ್ಲಿ ಬರೆದು ತೋರಿಸಿದಳು. ಜೊತೆಗೆ ಬಂದಿದ್ದ ಅವಳಪ್ಪನಿಗೆ ಮಾತ್ರ ಇದ್ಯಾವುದೂ ಹಿಡಿಸಿರಲಿಲ್ಲ. "ನೀನೇ ಇಂಜಿನಿಯರಿಂಗ್ ಓದಿ ಪೇಪರ್‌ಗೆ ಬರ್ಕಂಡ್ ಕುಂತಿದ್ದೀಯ. ಇವ್ಳು ಕೊರಿಯಾ ಭಾಷೆ ಓದ್ಕಂಡು ಏನ್ ಮಾಡಾಳಪ್ಪ?"

ಮಗಳಿಗೆ ಉತ್ತರ ಹೇಳೋದು ಸುಲಭ ಇತ್ತು. ಅಪ್ಪನಿಗೆ ಹೇಳೋದು ಕಷ್ಟವಾಯಿತು. ಈ ಬರಹ ಅವರಿಗೆ ಅಂತ ಇಟ್ಟುಕೊಳ್ಳಿ.

ನಮ್ಮೂರು ಬೆಳಕವಾಡಿ, ಮಳವಳ್ಳಿ ತಾಲೂಕು. ಪಕ್ಕದಲ್ಲೇ ಶಿವನಸಮುದ್ರ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿಗೆ. ಹೆಸರಲ್ಲೇ ಬೆಳಕಿರುವ ನಮ್ಮೂರಿನ ಸರದಿ ಯಾವಾಗ ಬಂತು ಅಂತ ಕೇಳಬೇಡಿ. ಈಗ ಅದೇ ಕೋಲಾರದ ನರಸಾಪುರದಲ್ಲಿ, ಅತ್ತ ದೇವನಹಳ್ಳಿಯಲ್ಲಿ ಐಫೋನ್ ತಯಾರಾಗುತ್ತಿದೆ. ಅಲ್ಲಿಗೂ ನಮ್ಮ ಕಡೆಯ ಹುಡುಗ ಹುಡುಗಿಯರು ಹೋಗುತ್ತಾರೆ, ಲೈನ್ ಕೆಲಸಕ್ಕೆ.

ಹಾಗಂತ ಚೀನಾ ನಮಗೆ ದೂರದ ದೇಶ ಅಂದುಕೊಳ್ಳಬೇಡಿ. ಮಳವಳ್ಳಿ, ಮದ್ದೂರು ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಯಾರನ್ನಾದರೂ ಕೇಳಿ. 2011ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ರೇಟು ಬಿದ್ದುಹೋಯಿತು. ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಇನ್ನು ನೂಲು ತೆಗೆಯುವವರ ಕಡೆ ನೋಡಿದರೆ, ಸರ್ಕಾರ ಸಬ್ಸಿಡಿ ಕೊಟ್ಟು ಹಾಕಿಸುವ ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್ ಚೀನಾದಿಂದ ಬಂದದ್ದೇ. ಅಂದರೆ ನಮ್ಮ ಗೂಡಿನ ರೇಟು ನಿರ್ಧಾರವಾಗುವುದರಲ್ಲಿ ಆ ದೇಶದ ಕೈ ಇದೆ, ಗೂಡು ಬಿಚ್ಚುವ ಯಂತ್ರವೂ ಅಲ್ಲಿಯದೇ. ಆ ದೇಶದ ಭಾಷೆ ಓದಬಲ್ಲವರು ಮಾತ್ರ ನಮ್ಮ ತಾಲೂಕಿನಲ್ಲಿ ನನಗೆ ಯಾರೂ ಸಿಕ್ಕಿಲ್ಲ.

ಚೀನೀ ಭಾಷೆಯಲ್ಲಿ 'ಮಾಯ್' ಅನ್ನೋ ಶಬ್ದವನ್ನು ದನಿ ತಗ್ಗಿಸಿ ಮೇಲೆತ್ತಿದರೆ 'ಕೊಳ್ಳು' ಅಂತ ಅರ್ಥ. ಮೇಲಿಂದ ಕೆಳಕ್ಕೆ ಕುಕ್ಕಿದಂತೆ ಹೇಳಿದರೆ 'ಮಾರು'. ವ್ಯಾಪಾರಕ್ಕೆ ಕೂತವನು ಇಷ್ಟಾದರೂ ತಿಳಿದಿರಬೇಡವೇ?

ನಾನು ಓದುವಾಗ ಇಂಟರ್ನ್‌ಶಿಪ್‌ಗೆ ಹೋಗಿದ್ದ ಕಾರ್ಖಾನೆಯೊಂದರಲ್ಲಿ ಮೆಷಿನ್ನಿನ ಪ್ಯಾನೆಲ್ ಪೂರ್ತಿ ಚೀನೀ ಅಕ್ಷರ. ಹಿರಿಯ ಆಪರೇಟರ್ ಒಬ್ಬರು ಪ್ರತಿ ಬಟನ್ ಕೆಳಗೆ ಬಿಳಿ ಟೇಪ್ ಅಂಟಿಸಿ ಕನ್ನಡದಲ್ಲಿ ಬರೆದಿದ್ದರು. ಒಂದರ ಕೆಳಗೆ 'ಇದು ಗೊತ್ತಿಲ್ಲ, ಮುಟ್ಬೇಡಿ' ಅಂತಿತ್ತು. ಆ ಟೇಪು ನನ್ನ ತಲೆಯಿಂದ ಹೋಗಿಲ್ಲ. 2025ರ ಜುಲೈನಲ್ಲಿ ಫಾಕ್ಸ್‌ಕಾನ್ ತನ್ನ ಭಾರತದ ಘಟಕಗಳಿಂದ 300ಕ್ಕೂ ಹೆಚ್ಚು ಚೀನೀ ಇಂಜಿನಿಯರುಗಳು, ತಂತ್ರಜ್ಞರನ್ನು ವಾಪಸ್ ಕರೆಸಿಕೊಂಡಿದೆ ಅನ್ನೋ ಸುದ್ದಿ ಬಂದಾಗ ಮೊದಲು ನೆನಪಾಗಿದ್ದು ಅದೇ. ದೇವನಹಳ್ಳಿ ತಾಲೂಕಿನಲ್ಲಿ ಆ ಕಂಪನಿಗೆ 300 ಎಕರೆ ಜಾಗ ಸಿಕ್ಕಿತು. ನೀರು, ಕರೆಂಟು, ರಸ್ತೆ, ರಿಯಾಯಿತಿ ಎಲ್ಲದರ ಬಗ್ಗೆಯೂ ಚರ್ಚೆಯಾಯಿತು. ಕೆಲಸ ಕಲಿಸುವವರ ಭಾಷೆ ಬಲ್ಲ ನಮ್ಮವರು ಎಷ್ಟು ಜನ ಇದ್ದಾರೆ ಅನ್ನೋ ಮಾತು ಆ ಚರ್ಚೆಯಲ್ಲಿ ಎಲ್ಲೂ ಕಾಣಲಿಲ್ಲ.

"ಈಗ ಎಐ ಇದೆಯಲ್ಲ ಗುರು, ಭಾಷೆ ಯಾಕೆ?" ಅಂತ ನೀವು ಕೇಳ್ತೀರಿ. ಪ್ಯಾನೆಲ್ ಓದೋಕೆ ಫೋನ್ ಸಾಕು, ಒಪ್ಪುತ್ತೇನೆ. ಆದರೆ 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಅಲ್ಲಿನ ಗಲಾಟೆಗೆ ಭಾಷೆಯೇ ಕಾರಣ ಅಂತ ನಾನು ಹೇಳೋದಿಲ್ಲ. ಕಾರಣ ಸಂಬಳ, ಕೆಲಸದ ಅವಧಿ, ನಡುವೆ ನಿಂತ ಗುತ್ತಿಗೆದಾರರು. ತೈವಾನಿನ ಆಡಳಿತ ಮಂಡಳಿ ಒಂದು ಕಡೆ, ಹಳ್ಳಿಯಿಂದ ಬಂದ ಕಾರ್ಮಿಕರು ಇನ್ನೊಂದು ಕಡೆ ಇರುವ ಇಂಥ ಜಾಗದಲ್ಲಿ ನಡುವಿನ ಮಾತು ಯಾರ ಬಾಯಲ್ಲಿರುತ್ತೆ ಅನ್ನೋದು ಅಧಿಕಾರದ ಪ್ರಶ್ನೆ. ಆ ಬಾಯಿ ಗುತ್ತಿಗೆದಾರನದೇ ಆಗಬೇಕಾ? ಕಾರ್ಮಿಕನ ಮಗಳದ್ದೂ ಆಗಬಹುದಲ್ಲ?

ದಿಲ್ಲಿಯ ಮಟ್ಟದಲ್ಲಂತೂ ಭಾಷೆ ಗಡಿಯ ಜಗಳಕ್ಕೆ ಸಿಕ್ಕಿಬಿದ್ದಿದೆ. ಮದ್ದೂರು ತಾಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದ ಕಾಲಕ್ಕೆ, 2010ರಲ್ಲಿ, ಸಿಬಿಎಸ್‌ಇ ಶಾಲೆಗಳಲ್ಲಿ ಚೀನೀ ಕಲಿಸುತ್ತೇವೆ ಎಂದು ಆಗಿನ ಸಚಿವ ಕಪಿಲ್ ಸಿಬಲ್ ಘೋಷಿಸಿದ್ದರು. 2019ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲೂ ಆಯ್ಕೆಯ ವಿದೇಶಿ ಭಾಷೆಗಳ ಪಟ್ಟಿಯಲ್ಲಿ ಚೀನೀ ಇತ್ತು. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ತೀರಿಕೊಂಡರು. ಮುಂದಿನ ತಿಂಗಳು ಬಂದ ಅಂತಿಮ ನೀತಿಯ ಪಟ್ಟಿಯಲ್ಲಿ ಕೊರಿಯನ್, ಜಪಾನೀ, ಥಾಯ್, ಪೋರ್ಚುಗೀಸ್ ಎಲ್ಲ ಇವೆ, ಚೀನೀ ಇಲ್ಲ. ಆದರೆ ವ್ಯಾಪಾರ ನಿಂತಿತಾ? 2024-25ರಲ್ಲಿ ಚೀನಾ ಜೊತೆಗಿನ ನಮ್ಮ ವ್ಯಾಪಾರದ ಕೊರತೆ ಸುಮಾರು 9,900 ಕೋಟಿ ಡಾಲರ್. ಜಗಳ ಇರುವವನ ಭಾಷೆಯನ್ನೇ ಮೊದಲು ಕಲಿಯಬೇಕು ಅನ್ನೋದು ವಿದೇಶಾಂಗ ಇಲಾಖೆಗೆ ಚೆನ್ನಾಗಿ ಗೊತ್ತು. ಚೀನೀ ಆಯ್ದುಕೊಂಡ ಐಎಫ್‌ಎಸ್ ಅಧಿಕಾರಿಗಳನ್ನು ಅದು ಸರ್ಕಾರಿ ಖರ್ಚಿನಲ್ಲಿ ಹೊರಗೆ ಕಳಿಸಿ ಕಲಿಸುತ್ತದೆ. ವಿದೇಶಾಂಗ ಕಾರ್ಯದರ್ಶಿಯಾಗಿದ್ದ ವಿಜಯ್ ಗೋಖಲೆ ಚೀನೀ ಬಲ್ಲವರು. ಅಧಿಕಾರಿಗೆ ಬೇಕಾದ ಭಾಷೆ ಶಾಲೆಯ ಮಕ್ಕಳಿಗೆ ಯಾಕೆ ಬೇಡವಾಯಿತು ಅನ್ನೋದಕ್ಕೆ ಉತ್ತರ ಇಲ್ಲ.

ನಾವೂ ಕಮ್ಮಿ ಇಲ್ಲ ಬಿಡಿ. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಾಗ ನಾವೆಲ್ಲ ಮಾತಾಡಿದ್ದು ದ್ವಿಭಾಷಾ ಸೂತ್ರ, ಹಿಂದಿ ಹೇರಿಕೆ ಅಷ್ಟನ್ನೇ. ನಾನೂ ಹೇರಿಕೆಯ ವಿರುದ್ಧ ಬರೆದವನೇ, ಈಗಲೂ ಅದೇ ನಿಲುವು. ಆದರೆ ಯಾವ ಭಾಷೆ ಬೇಡ ಅನ್ನೋದರಲ್ಲೇ ನಮ್ಮ ಉಸಿರೆಲ್ಲ ಖರ್ಚಾಗಿ, ಯಾವುದು ಬೇಕು ಅಂತ ಕೇಳುವ ಹೊತ್ತಿಗೆ ಸುಸ್ತಾಗಿರುತ್ತೇವೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಕೊರಿಯನ್ ಬಿಎ ಇದೆ. ಜೆಎನ್‌ಯುನಲ್ಲಿ ಕೊರಿಯನ್, ಚೀನೀ ಎರಡರಲ್ಲೂ ಬಿಎ ಆನರ್ಸ್ ಇದೆ, ಪ್ರವೇಶ ಸಿಯುಇಟಿ ಮೂಲಕ. ಜಾರ್ಖಂಡ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಈ ಎರಡು ಭಾಷೆಗಳ ಕೋರ್ಸ್ ಇವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದ ವಿದೇಶಿ ಭಾಷಾ ವಿಭಾಗದ ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳು ಬೇರೆ ಕೆಲಸದ ಜೊತೆಗೆ ಕಲಿಯುವವರಿಗೆ ಸರಿ. ಅವು ಪದವಿಗೆ ಬದಲಿಯಾಗಲ್ಲ.

ಕನ್ನಡದವರಿಗೆ ಕೊರಿಯನ್ ವ್ಯಾಕರಣ ಅಷ್ಟು ಅಪರಿಚಿತವೂ ಅಲ್ಲ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ನಾಮಪದಕ್ಕೆ ನಮ್ಮ ಹಾಗೇ ಬಾಲ ಅಂಟುತ್ತದೆ. 'ನಾ' ಅಂದರೆ ನಾನು, 'ಅಪ್ಪಾ' ಅಂದರೆ ಅಪ್ಪ! ಹೋಮರ್ ಹಲ್ಬರ್ಟ್ ಅನ್ನೋ ಅಮೆರಿಕನ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣ ಹೋಲಿಸಿ ಪುಸ್ತಕ ಬರೆದಿದ್ದ. ಭಾಷಾ ವಿಜ್ಞಾನಿಗಳು ಆ ನೆಂಟಸ್ತಿಕೆಯನ್ನು ಒಪ್ಪಿಲ್ಲ, ಆದರೆ ಕಲಿಯುವವರಿಗೆ ಆ ಹೋಲಿಕೆ ಲಾಭವೇ. 'ಬಾ', 'ಬನ್ನಿ' ನಡುವಿನ ವ್ಯತ್ಯಾಸ ಹುಟ್ಟಿನಿಂದ ಗೊತ್ತಿರುವ ನಮಗೆ ಕೊರಿಯನ್ನಿನ ಮರ್ಯಾದೆಯ ರೂಪಗಳೂ ಅರ್ಥವಾಗುತ್ತವೆ. ಆದರೆ ಅವು ನಮ್ಮದಕ್ಕಿಂತ ಹೆಚ್ಚು. ಕಂಪನಿಯ ಮೇಲಧಿಕಾರಿಗೆ ಯಾವ ರೂಪ, ಒಂದು ವರ್ಷ ದೊಡ್ಡವನಾದ ಸಹೋದ್ಯೋಗಿಗೆ ಯಾವುದು ಅನ್ನೋದು ಆ ಜನರ ನಡುವೆ ಇದ್ದರೇ ಹಿಡಿತಕ್ಕೆ ಬರೋದು.

ಅವಳಪ್ಪನ ಚಿಂತೆ ಶುರುವಾಗೋದು ಇಲ್ಲಿಂದ. ಇಂಗ್ಲಿಷ್ ಮಾತಾಡುವವರು ಚೀನೀ ಅಥವಾ ಕೊರಿಯನ್ ಕಲಿಯಲು ಸುಮಾರು 2,200 ಗಂಟೆಯ ತರಗತಿ ಬೇಕು, ಅದರಲ್ಲಿ ಅರ್ಧವನ್ನು ಆ ದೇಶದಲ್ಲೇ ಕಳೆದರೆ ಒಳ್ಳೆಯದು ಅನ್ನೋದು ಅಮೆರಿಕದ ರಾಜತಾಂತ್ರಿಕರ ತರಬೇತಿ ಸಂಸ್ಥೆಯ ಲೆಕ್ಕ. ವಾರಕ್ಕೆ 6 ಗಂಟೆಯ ಸಂಜೆ ತರಗತಿಯಲ್ಲಿ ಅಷ್ಟು ಗಂಟೆ ತುಂಬಲು 7 ವರ್ಷ ಬೇಕು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನಿಸ್ 1938ರಲ್ಲಿ ಚೀನಾಕ್ಕೆ ಹೋಗಿ, 1942ರಲ್ಲಿ ಅಲ್ಲೇ ಸಾಯುವ ಹೊತ್ತಿಗೆ ಚೀನೀ ಭಾಷೆಯಲ್ಲೇ ವೈದ್ಯಕೀಯ ಪಾಠ ಮಾಡುವಷ್ಟು ಕಲಿತಿದ್ದರು. ಗಾಯಾಳುಗಳ ನಡುವೆ, ಹಳ್ಳಿಗಳಲ್ಲಿ ಇದ್ದು ಕಲಿತ ಭಾಷೆ ಅದು.

ಆದರೆ ಹೋಗೋದು ಹೇಗೆ? ಕೊರಿಯಾ ಸರ್ಕಾರದ ಜಿಕೆಎಸ್ ವಿದ್ಯಾರ್ಥಿವೇತನ ಚೆನ್ನಾಗಿದೆ. ಪದವಿಗೆ ಮೊದಲು ಒಂದು ವರ್ಷ ಬರೀ ಭಾಷೆ ಕಲಿಸುತ್ತಾರೆ. ಅಲ್ಲಿನ ಭಾಷಾ ಪರೀಕ್ಷೆ ಟೋಪಿಕ್‌ನ 6 ಹಂತಗಳಲ್ಲಿ 3ನೆಯದನ್ನು ಮುಟ್ಟಿದರೆ ಮುಂದಿನ ದಾರಿ. ಆದರೆ ದೇಶಕ್ಕಿಷ್ಟು ಅಂತ ಸೀಟು ಹಂಚಿರುತ್ತಾರೆ, ಪೈಪೋಟಿ ಜಾಸ್ತಿ. ಚೀನಾದ್ದು ಇನ್ನೂ ಕಷ್ಟ. ಕೋವಿಡ್ ನೆಪದಲ್ಲಿ 2020ರಿಂದ 2022ರ ಆಗಸ್ಟ್‌ವರೆಗೆ ನಮ್ಮ ವಿದ್ಯಾರ್ಥಿಗಳಿಗೆ ವೀಸಾ ನಿಂತಿತ್ತು. ಹೆಚ್ಚಿನವರು ಮೆಡಿಕಲ್ ಓದುವವರೇ ಆಗಿದ್ದ 23,000ಕ್ಕೂ ಹೆಚ್ಚು ಜನ ಮನೆಯಲ್ಲಿ ಕೂತರು. ನೇರ ವಿಮಾನ ಮತ್ತೆ ಶುರುವಾಗಿದ್ದು 2025ರ ಅಕ್ಟೋಬರ್‌ನಲ್ಲಿ. ಆ ವರ್ಷಗಳಲ್ಲಿ ಚೀನೀ ಓದಿದ ಬ್ಯಾಚುಗಳ ಪಾಲಿಗೆ 'ಅಲ್ಲಿ ಹೋಗಿ ಕಲಿಯೋದು' ಅನ್ನೋದು ಲ್ಯಾಪ್‌ಟಾಪ್ ಪರದೆಯಾಗಿತ್ತು. ತೈವಾನ್ ಸರ್ಕಾರ ಭಾಷೆಗೆಂದೇ ವಿದ್ಯಾರ್ಥಿವೇತನ ಕೊಡುತ್ತದೆ, ಇದು ನಮ್ಮವರು ಸಾಕಷ್ಟು ಗಮನಿಸದ ದಾರಿ. ಅಲ್ಲಿ ಕಲಿಸೋದು ಹಳೆಯ ಪೂರ್ಣ ಲಿಪಿ, ಚೀನಾದಲ್ಲಿ ಸರಳೀಕರಿಸಿದ್ದು. ಆದರೇನು, ನರಸಾಪುರಕ್ಕೂ ದೇವನಹಳ್ಳಿಗೂ ಬಂದ ಕಂಪನಿಗಳು ತೈವಾನಿನವೇ.

ಇವೆಲ್ಲ ಬೇರೆಯವರ ಸರ್ಕಾರಗಳು ಕೊಡುವ ಅವಕಾಶ. ನಮ್ಮದೇನು? ರಾಜ್ಯದ 'ಪ್ರಬುದ್ಧ' ಯೋಜನೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ವಿದೇಶದಲ್ಲಿ ಪದವಿ ಓದಲು ನೆರವಾಗುತ್ತದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ, ಪಿಎಚ್‌ಡಿಗೆ. ಒಳ್ಳೆಯ ಯೋಜನೆಗಳೇ. ಆದರೆ ಎರಡೂ ಪದವಿಯ ಲೆಕ್ಕದವು. ಇಲ್ಲಿ ಬಿಎ ಓದುತ್ತಾ ನಡುವೆ ಒಂದು ವರ್ಷ ಸೋಲ್‌ನಲ್ಲೋ ತೈಪೆಯಲ್ಲೋ ಭಾಷೆ ಕಲಿತು ಬರುವ ಹುಡುಗಿ ಈ ಲೆಕ್ಕದೊಳಗೆ ಬರೋದೇ ಇಲ್ಲ. ವರ್ಷಕ್ಕೆ 100 ಜನರಿಗೆ, ಅದರಲ್ಲೂ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ, ಅಂಥ ಒಂದು ವರ್ಷದ ಖರ್ಚು ಕೊಟ್ಟರೆ ಒಂದು ಕಾರ್ಖಾನೆಗೆ ಕೊಡುವ ರಿಯಾಯಿತಿಯ ಮುಂದೆ ಅದು ಚಿಲ್ಲರೆ ದುಡ್ಡು. ಇಲ್ಲದಿದ್ದರೆ ಏನಾಗುತ್ತೆ ಅಂತ ಊಹಿಸೋಕೆ ಜ್ಯೋತಿಷ್ಯ ಬೇಡ. ಅಪ್ಪನ ಹತ್ತಿರ ದುಡ್ಡಿರುವವರು ಹೋಗಿ ಬರುತ್ತಾರೆ, ನಮ್ಮ ಕಡೆಯವರು ಲೈನ್‌ನಲ್ಲಿ ನಿಲ್ಲುತ್ತಾರೆ. ಗಡಿಯಾಚೆ ಪೆನುಕೊಂಡದಲ್ಲಿ 2019ರಿಂದ ಕಿಯಾ ಕಾರು ತಯಾರಾಗುತ್ತಿದೆ. ಕೊರಿಯನ್ ಅಕ್ಷರದ ಹೋಟೆಲ್ ಬೋರ್ಡುಗಳು ಅಲ್ಲಿಗೆ ಬಂದಿವೆ. ಪಕ್ಕದ ಮಡಕಶಿರಾ ಕಡೆ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೂ ಇದೇ ಪ್ರಶ್ನೆ ಎದುರಿದೆ.

ಹುಡುಗಿ ಸಿಯುಇಟಿಗೆ ಅರ್ಜಿ ಹಾಕಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ನಡುವೆ ಅವಳಪ್ಪ ಫೋನ್ ಇಸ್ಕೊಂಡರು. "ದಿಲ್ಲಿಗೆ ಕಳ್ಸೋದು ಹೆಂಗೋ ಆಯ್ತದೆ ಕಣಪ್ಪ, ಹಾಸ್ಟೆಲ್ ಐತಂತಲ್ಲ. ಆಮೇಲೆ ಒಂದ್ ವರ್ಷ ಕೊರಿಯಾಗೆ ಹೋಗ್ಲೇಬೇಕು ಅಂತೀಯಲ್ಲ, ಅದ್ಕೆ ದುಡ್ಡು ಯಾರ್ ಕೊಡ್ತಾರೆ?"